ಗುಡ್ಡದ ಮೇಲಿನ ಚರಗ

ಕಾಕಾ ಕೀಲಿ ತಿರುವಿದ ಮಾತ್ರಕ್ಕೆ ಅವರ ಗಾಡಿ ಹೊರಡುತ್ತಿರಲಿಲ್ಲ. ಎಂಜಿನ್ ಗುರುಗುಡುತ್ತಿತ್ತು, ಗೇರು ಬಿದ್ದಿರುತ್ತಿತ್ತು, ಎರಡೂ ಕೈ ಸ್ಟೇರಿಂಗಿನ ಮೇಲಿರುತ್ತಿದ್ದವು. ಆದರೆ ಹಿಂದಿನಿಂದ ಯಾರಾದರೂ "ರೈಟ್" ಅನ್ನುವ ತನಕ ಅವರ ಕಾಲು ಕ್ಲಚ್ಚಿನ ಮೇಲಿಂದ ಏಳುತ್ತಿರಲಿಲ್ಲ. ಆಯುಷ್ಯವೆಲ್ಲ ಸರ್ಕಾರಿ ಬಸ್ಸು ನಡೆಸಿದ ಮನುಷ್ಯ. ಸ್ವಂತದ ಹಳೇ ವ್ಯಾನಿನಲ್ಲಿ ಕೂತರೂ ಕಂಡಕ್ಟರನ ಅಪ್ಪಣೆ ಬೇಕು.

"ಯಾರರೆ ರೈಟ್ ಅನ್ರೆವಾ, ಇಲ್ಲಾಂದ್ರ ಇವ್ರು ಸಂಜೀತನಾ ಹಿಂಗ ಕುಂತಿರ್ತಾರ" ಎಂದು ಕಾಕು ಹಿಂದಿನ ಸೀಟಿನಿಂದ ಗೊಣಗಿ, ಕಡೆಗೆ ತಾವೇ ಬಾಗಿಲ ತಗಡಿಗೆ ಎರಡು ಸಲ ಬಡಿದು "ರೈಟ್!" ಅನ್ನುತ್ತಿದ್ದರು. ಆಗ ಗಾಡಿ ಹೊರಡುತ್ತಿತ್ತು. ಅವರಿಬ್ಬರ ಸಂಸಾರವೂ ಹೀಗೇ ನಡೆದದ್ದು ಎಂದು ನಾನು ಎಷ್ಟೋ ಸಲ ಚೇಷ್ಟೆ ಮಾಡಿದ್ದೇನೆ.

ಚಿಕ್ಕೋಡಿಯಲ್ಲಿ ನಮ್ಮ ಬಾಡಿಗೆ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಶಿಕ್ಷಕಿಯಾಗಿ ಆ ಊರಿಗೆ ಬಂದದ್ದು ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ವರ್ಷಕ್ಕೆ. ಸಾಮಾನು ಇಳಿಸಿದ ದಿನವೇ ಗೋಡೆಯಾಚೆಯಿಂದ ಒಂದು ತಾಟು ಬಿಸಿ ರೊಟ್ಟಿ, ಒಂದು ವಾಟಿ ಝುಣಕಾ ಬಂತು. ಹಿಂದೆಯೇ ಒಂದು ದೊಡ್ಡ ಕೆಮ್ಮು ಬಂತು. ಆ ಕೆಮ್ಮು ಕಾಕಾನ ಹಾರ್ನು ಅಂತ ಆಮೇಲೆ ತಿಳಿಯಿತು. ಓಣಿಯ ತಿರುವು ಬಂದರೆ ಸಾಕು, ನಡೆದುಕೊಂಡು ಹೋಗುವಾಗಲೂ ಜೋರಾಗಿ ಕೆಮ್ಮುತ್ತಿದ್ದರು. ಎದುರಿಗೆ ಬರುವವರು ಪಕ್ಕಕ್ಕೆ ಸರಿಯಬೇಕಲ್ಲ. ನಮ್ಮ ಮನೆಯವರ ಸ್ಕೂಟರಿನ ಹಿಂದೆ ಕೂತರೆ ಸುಮ್ಮನೆ ಕೂರುತ್ತಿರಲಿಲ್ಲ. ದನ ಅಡ್ಡ ಬಂದಾಗಲೆಲ್ಲ ಬಲಗಾಲು ತನ್ನಷ್ಟಕ್ಕೆ ಇಲ್ಲದ ಬ್ರೇಕು ಒತ್ತುತ್ತಿತ್ತು. ನಿಪ್ಪಾಣಿ ರೂಟಿನಲ್ಲಿ ಮರಾಠಿ, ರಾಯಬಾಗ ರೂಟಿನಲ್ಲಿ ಕನ್ನಡ, ಸಿಟ್ಟು ಬಂದರೆ ಹಿಂದಿ. ನನ್ನನ್ನು ಮಾತ್ರ ಕೊನೆಯವರೆಗೂ "ಅಕ್ಕೋರ" ಎಂದರು. ಮಗಳ ವಯಸ್ಸಿನವಳು ನಾನು, ಹೆಸರು ಹಿಡಿದು ಕರೆಯಿರಿ ಅಂದರೆ, "ಸಾಲಿ ಕಲಸೋರ್ನ ಹಂಗೆಲ್ಲಾ ಕರೀಬಾರದ್ರಿ" ಎಂದು ಕಿವಿ ಮುಟ್ಟಿಕೊಳ್ಳುತ್ತಿದ್ದರು. ನಾನೂ ಅವರ ಹೆಸರು ಹಿಡಿದವಳಲ್ಲ. ಇಲ್ಲಿಯೂ ಹಿಡಿಯುವುದಿಲ್ಲ.

ನನ್ನ ತವರು ಸತ್ತಿ. ಹೊಳೆದಂಡೆಯ ಊರು, ಕಬ್ಬು, ದ್ರಾಕ್ಷಿ, ನೆತ್ತಿಯ ಮೇಲೆ ಮನೆತನದ ಹೆಮ್ಮೆ. ಎಳ್ಳಮಾವಾಸ್ಯೆ ಬಂತೆಂದರೆ ಮನೆಮಂದಿಯೆಲ್ಲ ಹೊಲಕ್ಕೆ. ಆ ಹೊತ್ತಿಗೆ ಜೋಳ ತೆನೆಗಟ್ಟಿರುತ್ತದೆ. ಭೂಮಿತಾಯಿ ಬಸುರಿ, ಆಕೆಗೆ ಬಯಕೆಯ ಊಟ ಬಡಿಸಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿ. ಮಾಡಿದ ಅಡಿಗೆಯನ್ನೆಲ್ಲ ಒಂದು ಬುಟ್ಟಿಯಲ್ಲಿ ಕಲಸಿ, ಪೈರಿನ ನಡುವೆ "ಹುಲ್ಲುಲ್ಲಿಗೋ" ಎಂದು ಕೂಗುತ್ತ ಹಿಡಿ ಹಿಡಿಯಾಗಿ ಚೆಲ್ಲುತ್ತಾರೆ. ಅದೇ ಚರಗ. ಆಮೇಲೆಯೇ ನಮ್ಮ ಊಟ. ಚಿಕ್ಕೋಡಿಗೆ ಬಂದ ಮೊದಲ ವರ್ಷ ಮಗನಿಗೆ ಜ್ವರ ಬಂದು ಊರಿಗೆ ಹೋಗಲಾಗಲಿಲ್ಲ. ಮಗ ಹಬ್ಬದ ಮುಂಜಾನೆ ಹುಷಾರಾಗಿ ಓಡಾಡತೊಡಗಿದ, ನಾನು ಮಾತ್ರ ಮುಖ ಗಂಟು ಹಾಕಿಕೊಂಡು ಕೂತಿದ್ದೆ. ಕೆಮ್ಮು ಕೇಳಿಸಿತು.

"ಅಕ್ಕೋರ, ಚರಗಕ್ಕ ಹೋಗಾಕತ್ತೀವಿ. ಬರ್ರಿ, ಗಾಡ್ಯಾಗ ಜಾಗಾ ಭಾಳ ಐತಿ."

ದೀಪಾವಳಿಗೂ ಡ್ಯೂಟಿ ಮಾಡುವ ಮನುಷ್ಯ ಅಂದು ರಜೆ ಹಾಕಿದ್ದರು. ವರ್ಷದಲ್ಲಿ ಹಟ ಮಾಡಿ ಹಾಕುತ್ತಿದ್ದ ರಜೆ ಅದೊಂದೇ ಎಂದು ಕಾಕು ಹೇಳಿದರು. ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆ, ಮೊಸರನ್ನ. ಕಾಕು ರೈಟ್ ಅಂದರು, ವ್ಯಾನು ಕಬ್ಬೂರ ರಸ್ತೆ ಹಿಡಿಯಿತು. ಎಡಬಲಕ್ಕೆ ಹೊಲಗಳಲ್ಲಿ ಮಂದಿ ಆಗಲೇ ಸೀರೆ ಸೆರಗು ಹಾರಿಸುತ್ತ ಓಡಾಡುತ್ತಿದ್ದರು. ಇವರ ಹೊಲ ಈಗ ಬಂದೀತು, ಆಗ ಬಂದೀತು ಎಂದು ನಾನು ನೋಡುತ್ತಲೇ ಇದ್ದೆ. ಗಾಡಿ ಎಡಕ್ಕೆ ಹೊರಳಿ, ಕಚ್ಚಾ ರಸ್ತೆಯಲ್ಲಿ ಎದ್ದುಬಿದ್ದು, ಒಂದು ಬೋಳು ಗುಡ್ಡದ ಹೆಗಲ ಮೇಲೆ ಹೋಗಿ ನಿಂತಿತು. ಮುಂದೆ ಕಾಲುದಾರಿ. ಕಾಕಾ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಮುಂದಾದರು. ಏದುಸಿರು ಬಿಡುತ್ತ ನಾವೂ ಹತ್ತಿದೆವು. ನೆತ್ತಿಯ ಮೇಲೆ ಚಪ್ಪಟೆಯದೊಂದು ಹಾಸುಗಲ್ಲು, ತಲೆಯ ಸೆರಗು ನಿಲ್ಲಗೊಡದ ಗಾಳಿ, ಕೆಳಗೆ ಕಣ್ಣು ಹಾಯುವ ತನಕ ಪೈರು. ಬಿಳಿಜೋಳ, ಕಡಲೆ, ಕಬ್ಬಿನ ಪಡಗಳು, ದೂರದಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿಯಿಂದ ಓರೆಯಾಗಿ ಓಡುವ ಹೊಗೆ. ಹಾಳಾದ್ದು, ಇಷ್ಟು ಚೆಂದದ ಜಾಗ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

"ಕಾಕಾ, ನಿಮ್ಮ ಹೊಲಾ ಎಲ್ಲೈತ್ರಿ?" ಅಂದೆ.

ಅವರು ಎರಡೂ ಕೈ ಚಾಚಿ ಒಂದು ಸುತ್ತು ತಿರುಗಿದರು. "ಇಷ್ಟೂ ನಮ್ದ ನೋಡ್ರಿ. ಕಂಡಷ್ಟೂ ನಮ್ದ!"

ನಾನು ನಕ್ಕೆ. ಕಾಕು ನಗಲಿಲ್ಲ, ಬುಟ್ಟಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದರು.

ಕಾಕಾ ಚಪ್ಪಲಿ ಕಳೆದು ಹಾಸುಗಲ್ಲಿನ ಮೇಲೆ ನಿಂತರು. ಮೊದಲ ಹಿಡಿಯನ್ನು ತೆಗೆದುಕೊಂಡು, ಗುಡ್ಡದ ಬುಡದಲ್ಲಿ ದೂರಕ್ಕೆ ಕಾಣುವ ಒಂದು ಹುಣಸಿಮರದ ಕಡೆಗೆ ಮುಖ ಮಾಡಿ, ತೋಳನ್ನು ಹಿಂದಕ್ಕೆ ಎಳೆದು, ಕವಣೆ ಬೀಸುವವರಂತೆ ಬೀಸಿದರು. "ಹುಲ್ಲುಲ್ಲಿಗೋ!" ಎಂಬ ಕೂಗಿಗೆ ನನ್ನ ಮಗ ಬೆಚ್ಚಿಬಿದ್ದ. ಆಮೇಲೆ ನಿಪ್ಪಾಣಿಯ ಕಡೆಗೆ, ರಾಯಬಾಗದ ಕಡೆಗೆ, ನನ್ನ ಮುಖ ನೋಡಿ ಅಥಣಿಯ ಕಡೆಗೂ ಒಂದು ಹಿಡಿ. "ಇದು ನಿಮ್ಮ ಸತ್ತಿಗ್ರಿ ಅಕ್ಕೋರ."

"ಕಾಕಾ, ಇಲ್ಲಿಂದ ಒಗದ್ರ ಅಷ್ಟು ದೂರ ಮುಟ್ಟತೈತೇನ್ರಿ?" ಎಂದು ಕೆಣಕಿದೆ. ನಿಜ ಹೇಳಬೇಕೆಂದರೆ ಅನ್ನವೆಲ್ಲ ಹತ್ತು ಮಾರು ಆಚೆ ಹುಲ್ಲಿನ ಮೇಲೇ ಬಿದ್ದಿತ್ತು.

"ಗಾಳಿ ಐತಲ್ರಿ" ಅಂದರು. ಅವರ ಮಟ್ಟಿಗೆ ಆ ಮಾತು ಅಲ್ಲಿಗೆ ಮುಗಿಯಿತು.

ಊಟವಾದ ಮೇಲೆ ಅವರು ಟವೆಲ್ಲು ಮುಖಕ್ಕೆ ಹಾಕಿಕೊಂಡು ಕಲ್ಲಿನ ಮೇಲೆ ಮಲಗಿದಾಗ ಕಾಕು ನನಗೆ ಹೇಳಿದರು. ಕಾಕಾನಿಗೆ ಗೇಣು ಹೊಲವಿಲ್ಲ. ಅವರ ತಂದೆ ತಾಯಿ ಕಬ್ಬೂರ ಕಡೆಯ ದೊಡ್ಡ ಮನೆಯೊಂದರ ಹೊಲದಲ್ಲಿ ಆಳು. ಎಳ್ಳಮಾವಾಸ್ಯೆಗೆ ಆ ಮನೆಯ ಬುಟ್ಟಿಯನ್ನು ಹೊಲದವರೆಗೆ ತಲೆಯ ಮೇಲೆ ಹೊರುತ್ತಿದ್ದವರು ಇವರ ತಾಯಿ. ಬುಟ್ಟಿ ಇಳಿಸಿದ ಮೇಲೆ ಅವರ ಜಾಗ ಬದುವಿನ ಆಚೆ. ಮನೆಯವರು ಚರಗ ಚೆಲ್ಲುವುದನ್ನು ಮಗನನ್ನು ಸೊಂಟಕ್ಕೆ ಆನಿಸಿಕೊಂಡು ನಿಂತು ನೋಡುವುದು, ಅವರು ಉಂಡೆದ್ದ ಮೇಲೆ ಉಣ್ಣುವುದು.

"ಕಳೆ ತಗದಾಕಿ ಅಕಿ, ರಾಶಿ ಮಾಡಾಕಿ ಅಕಿ" ಅಂದರು ಕಾಕು. "ಒಂದ್ ಹಿಡಿ, ಒಂದ ಒಂದ್ ಹಿಡಿ ನನ್ನ ಕೈಲೆ ಚೆಲ್ಲಬೇಕು ಅಂತ ಸಾಯೂತನಾ ಅಂದ್ಲು ನಮ್ಮತ್ತಿ. ಮಂದಿ ಹೊಲದಾಗ ಹೆಂಗ ಚೆಲ್ಲತೀರಿ ಹೇಳ್ರಿ? ನಮಗ ಈಗೂ ಎಲ್ಲಾರೂ ಕರೀತಾರ, ಚರಗಕ್ಕ ಬರ್ರಿ ಅಂತ. ಇವ್ರು ಎಲ್ಲಾರಿಗೂ ಹೂಂ ಅಂತಾರ, ಯಾರ ಹೊಲಕ್ಕೂ ಹೋಗೂದಿಲ್ಲ. ಈ ಗುಡ್ಡದ ಮ್ಯಾಲ ಯಾರ್ದೂ ಬದು ಇಲ್ಲ ನೋಡ್ರಿ."

ಹೊಲವಿದ್ದ ಮನೆಯಲ್ಲಿ ಹುಟ್ಟಿದ ನನಗೆ ಬುಟ್ಟಿ ಹೊತ್ತು ತರುವವರು ಎಲ್ಲಿ ಕೂತು ಉಣ್ಣುತ್ತಾರೆ ಎಂಬುದು ಕಣ್ಣಿಗೇ ಬಿದ್ದಿರಲಿಲ್ಲ. ಟವೆಲ್ಲಿನ ಕೆಳಗೆ ಗೊರಕೆ ಹೊಡೆಯುತ್ತಿದ್ದ ಆ ಮನುಷ್ಯನ ಮೇಲೆ ನನಗೆ ಅಂದು ಹುಟ್ಟಿದ ಅಕ್ಕರೆ ಆಮೇಲೆ ಕಡಿಮೆಯಾಗಲೇ ಇಲ್ಲ.

ಮರುವರ್ಷದಿಂದ ನಾನು ಸತ್ತಿಗೆ ಹೋಗುವುದನ್ನು ಬಿಟ್ಟೆ. ಅಪ್ಪ ಸಿಟ್ಟಾದರು; ಆಗಲಿ ಎಂದೆ. ಹಬ್ಬದ ಹಿಂದಿನ ದಿನ ಗೋಡೆಯ ಎರಡೂ ಕಡೆ ಸಜ್ಜಿ ರೊಟ್ಟಿಯ ಬಡಿತ ಕೇಳುತ್ತಿತ್ತು. ಬೆಳಿಗ್ಗೆ ಎರಡು ಬುಟ್ಟಿ, ಒಂದು ವ್ಯಾನು. ಯಾವುದಾದರೂ ಪಲ್ಲೆ ತಪ್ಪಿತೋ, ಕಾಕಾ ಗಾಡಿ ತಿರುಗಿಸುವವರೇ. ಒಮ್ಮೆ ಅಗಸಿ ಚಟ್ನಿ ಮರೆತು ಬಂದದ್ದು ಅರ್ಧ ದಾರಿಯಲ್ಲಿ ನೆನಪಾಗಿ, "ಬಸುರಿ ಹೆಂಗ್ಸಿನ ಎಲಿಯಾಗ ಒಂದ್ ಕಡಿಮಿ ಬಡಸ್ತೀರೇನು?" ಎಂದು ನಮ್ಮಿಬ್ಬರನ್ನೂ ಬೈದು ಮರಳಿ ಮನೆಗೆ ಕರೆತಂದಿದ್ದರು.

ಕೆಲವು ವರ್ಷಗಳಲ್ಲಿ ಆ ಗುಡ್ಡಕ್ಕೂ ಮಂದಿ ಬರತೊಡಗಿದರು. ಮೇಲೆ ಸಿಮೆಂಟಿನ ಬೆಂಚು ಬಂತು, ಅಂಚಿಗೆ ಕಬ್ಬಿಣದ ಕಟಕಟೆ ಬಂತು, ಅದಕ್ಕೆ ವ್ಯೂ ಪಾಯಿಂಟ್ ಎಂಬ ಹೆಸರೂ ಬಂತು. ಒಂದು ಎಳ್ಳಮಾವಾಸ್ಯೆಗೆ ನಾವು ಹತ್ತುವಷ್ಟರಲ್ಲಿ ನಾಲ್ಕಾರು ಹುಡುಗರು ಕಾಕಾನ ಹಾಸುಗಲ್ಲಿನ ಮೇಲೆಯೇ ನಿಂತು ಮೊಬೈಲು ಎತ್ತೆತ್ತಿ ಫೋಟೋ ಹೊಡೆದುಕೊಳ್ಳುತ್ತಿದ್ದರು. ಜಗಳವಾಗುತ್ತದೆ ಎಂದುಕೊಂಡೆ. ಕಾಕಾ ತಿರುವಿನ ಕೆಮ್ಮು ಕೆಮ್ಮಿದರು. ಹುಡುಗರು ತಾವಾಗಿ ಸರಿದರು.

"ಯಾವ ಹೊಲಕ್ಕ ಒಗ್ಯಾಕತ್ತೀರಿ ಮಾಮಾ?" ಎಂದು ಒಬ್ಬ ಕಿಸಕ್ಕನೆ ನಕ್ಕ.

"ನಿಂದು ಯಾವೂರೋ?"

"ರಾಯಬಾಗ್ರಿ."

"ಹೊಲಾ ಐತೇನು?"

"ಐತ್ರಿ, ಎರಡ ಎಕರೆ."

"ಇವತ್ತ ಎಳ್ಳಮಾಸಿ ದಿನಾ ಹೊಲಾ ಬಿಟ್ಟು ಇಲ್ಲಿ ಬಂದು ಹಲ್ಲ ಕಿಸ್ಯಾಕತ್ತಿ? ತುಗೋ, ಆ ಕಡಿ ಹೊಳ್ಳಿ ನಿಂದರು, ಒಗಿ."

ಹುಡುಗ ಮೊಬೈಲನ್ನು ಜೇಬಿಗೆ ಹಾಕಿ, ಕೈಯೊಡ್ಡಿ ಹಿಡಿ ತೆಗೆದುಕೊಂಡ. ಮೊದಲ ಸಲ ಕೂಗಲು ನಾಚಿಕೆಪಟ್ಟ. ಎರಡನೇ ಸಲ ಗುಡ್ಡ ಮಾರ್ದನಿ ಕೊಟ್ಟಿತು. ಉಳಿದವರೂ ಸಾಲು ಹಚ್ಚಿದರು. ಅಂದು ನಮಗೆ ಉಳಿದದ್ದು ತಲಾ ಅರ್ಧ ರೊಟ್ಟಿ. ಕಾಕಾ ಮಾತ್ರ ಹೊಟ್ಟೆ ತುಂಬಿದವರಂತೆ ಕೂತಿದ್ದರು. ಇಳಿಯುವಾಗ ಆ ಹುಡುಗರಿಗೆ ಕೂಗಿ ಹೇಳಿದರು: "ಪೀಕು ಚಲೋ ಬಂದ್ರ ನನ್ನ ನೆನಸ್ರಿ, ಬರಲಿಲ್ಲಂದ್ರ ಸರ್ಕಾರಕ್ಕ ಬೈರಿ!"

ನಿವೃತ್ತಿಯಾದ ವರ್ಷ ಅವರು ಹೊಲ ಕೊಂಡರು. ಓಣಿಯೇ ನಕ್ಕಿತು. ಹತ್ತು ಗುಂಟೆ! ಬಾವಿಯಿಲ್ಲ, ಅರ್ಧ ಕಲ್ಲು, ಉದ್ದಕ್ಕೆ ಪಟ್ಟಿಯಂತೆ ಬಿದ್ದ ನೆಲ. ಊರಲ್ಲಿ ಪ್ಲಾಟು ಹಿಡಿಯುವುದು ಬಿಟ್ಟು ಇದೇನು ಹುಚ್ಚು ಎಂದರು ಎಲ್ಲರೂ. ನನಗೂ ಹಾಗೇ ಅನ್ನಿಸಿ, ಕಾಕುವಿನ ಮುಂದೆ ಅಂದೂಬಿಟ್ಟೆ. ಕಾಕು ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದರು: "ಗುಡ್ಡದ ಮ್ಯಾಲಿಂದ ಹುಣಸಿಗಿಡ ಕಾಣಸ್ತೈತಲ್ರಿ, ಅದರ ಬಾಜೂನ ಐತಿ. ನಮ್ಮತ್ತಿ ದುಡದ ಹೊಲದ ತುದಿ ಅದು. ಉಳದಿದ್ದು ಅವ್ರು ಕೊಡೂದಿಲ್ಲ. ಇಷ್ಟರೆ ಕೊಟ್ರಲ್ಲ."

ಅಂದರೆ ಇಷ್ಟು ವರ್ಷ ಮೊದಲ ಹಿಡಿ ಬೀಳುತ್ತಿದ್ದದ್ದು ಅತ್ತ ಕಡೆಗೇ.

ಆ ವರ್ಷದ ಎಳ್ಳಮಾವಾಸ್ಯೆಗೆ ಕಾಕಾ ಮದುವೆಯ ಗಡಿಬಿಡಿ ಮಾಡಿದರು. ರಾಯಬಾಗಕ್ಕೆ ಕೊಟ್ಟ ಮಗಳು, ಅಳಿಯ ಬಂದರು. ಓಣಿಯವರಿಗೆಲ್ಲ ಹೇಳಿಕೆ. ವ್ಯಾನು ಎರಡು ಸಲ ಓಡಾಡಿ ಮಂದಿಯನ್ನು ಹೊಲಕ್ಕೆ ತಂದು ಇಳಿಸಿತು. ಹೊಸ ಧೋತರ ಉಟ್ಟು, ತಲೆಗೆ ಪಟಕಾ ಸುತ್ತಿ, ಮೊಣಕಾಲೆತ್ತರದ ಜೋಳದ ನಡುವೆ ಕಾಕಾ ನಿಂತದ್ದನ್ನು ನೋಡಬೇಕಿತ್ತು. ಕಲ್ಲು ನೆಲದಲ್ಲಿ ಜೋಳ ಅಷ್ಟೇ ಎದ್ದಿತ್ತು. ಆದರೂ ಅದು ಅವರ ಜೋಳ. ಬುಟ್ಟಿಯಿಂದ ಹಿಡಿ ತುಂಬಿಕೊಂಡರು, ಕಣ್ಣು ಮುಚ್ಚಿದರು, ತೋಳನ್ನು ಹಿಂದಕ್ಕೆ ಎಳೆದು ಪೂರಾ ಬಲ ಹಾಕಿ ಬೀಸಿದರು.

"ಹುಲ್ಲುಲ್ಲಿಗೋ!"

ಎಡಕ್ಕೂ ಬಲಕ್ಕೂ ಹಾಗೆಯೇ ಬೀಸಿದರು. ಕಣ್ಣು ತೆರೆದಾಗ ಎಲ್ಲರೂ ಬದುವಿನ ಆಚೆ ನೋಡುತ್ತಿದ್ದರು. ಆ ಹೊಲದ ಅಗಲವೆಷ್ಟು? ಗುಡ್ಡದ ಮೇಲೆ ಪಳಗಿದ ತೋಳು ಅದು. ಅನ್ನ, ರೊಟ್ಟಿ, ಕಡುಬು ಎಲ್ಲವೂ ಬದು ದಾಟಿ ನೆರೆಯವರ ಕಡಲೆಯಲ್ಲಿ, ಆಚೆಯವರ ಕುಸುಬೆಯಲ್ಲಿ, ಕಾಲುದಾರಿಯಲ್ಲಿ ಬಿದ್ದಿದ್ದವು. ಸ್ವಂತ ನೆಲದಲ್ಲಿ ಒಂದು ಅಗುಳೂ ಬಿದ್ದಿರಲಿಲ್ಲ.

ಬಾಜೂ ಹೊಲದಲ್ಲಿ ತನ್ನ ಮನೆಮಂದಿಯೊಂದಿಗೆ ಊಟಕ್ಕೆ ಕೂತಿದ್ದ ರೈತ ಎದ್ದು ನಿಂತ. "ಕಾಕಾ, ನಮ್ಮ ಹೊಲಕ್ಕ ನಾವ ಚೆಲ್ಲೀವಿ, ಮತ್ತ ನೀವೂ ಚೆಲ್ಲಿದ್ರಿ! ಈ ಸಲ ಕಡ್ಲಿ ಹಿಡ್ಯಾಕ ಚೀಲ ಸಾಲೂದಿಲ್ಲ ಬಿಡ್ರಿ" ಎಂದು ಚಪ್ಪಾಳೆ ಹೊಡೆದು ನಕ್ಕ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಕು ಹಣೆ ಚಚ್ಚಿಕೊಂಡರು: "ಅಯ್ಯ ನನ ಶಿವನ! ಮಂದಿ ಹೊಲಕ್ಕೆಲ್ಲಾ ಉಣಿಸಿ ತನ್ನ ಹೊಲಾ ಉಪಾಸ ಕೆಡವಿದ್ರಲ್ರಿ!"

ಕಾಕಾ ನಗುತ್ತಿರಲಿಲ್ಲ. ಖಾಲಿ ಕೈಯನ್ನೇ ನೋಡುತ್ತ ನಿಂತಿದ್ದರು. ನಮ್ಮ ನಗು ಒಂದೊಂದಾಗಿ ಕಡಿಮೆಯಾಯಿತು.

ಕಾಕು ಬುಟ್ಟಿಯ ತಳಕ್ಕೆ ಅಂಟಿದ್ದನ್ನೆಲ್ಲ ಬೆರಳಿನಿಂದ ಬಳಿದು ಒಂದು ಹಿಡಿ ಮಾಡಿದರು. ಗಂಡನ ಅಂಗೈಯಲ್ಲಿಟ್ಟು, ಆ ಅಂಗೈಯನ್ನು ತಮ್ಮ ಅಂಗೈಯಿಂದ ಕೆಳಗೆ ಒತ್ತಿದರು. "ಬೀಸಬ್ಯಾಡ್ರಿ. ಕೈ ಕೆಳಗ ಮಾಡ್ರಿ. ಇಲ್ಲೇ ಅದಾಳ್ರಿ ಅಕಿ."

ಕಾಕಾ ಮೊಣಕಾಲೂರಿ ಕೂತರು. ಚೆಲ್ಲಲಿಲ್ಲ. ಜೋಳದ ಬುಡದಲ್ಲಿ ಮಣ್ಣು ಸರಿಸಿ, ಹಸುಗೂಸಿಗೆ ತುತ್ತಿಡುವಷ್ಟು ಮೆಲ್ಲಗೆ ಇಟ್ಟರು. "ಅವ್ವಾ, ಉಣ್ಣಬೇ" ಅಂದರು. ಭೂಮಿಗೆ ಅಂದರೋ, ಬುಟ್ಟಿ ಹೊತ್ತ ತಾಯಿಗೆ ಅಂದರೋ, ಇಬ್ಬರೂ ಒಬ್ಬರೇ ಆಗಿದ್ದರೋ. ಭುಜ ಕುಲುಕುತ್ತಿತ್ತು. ಬದುವಿನ ಆಚೆಯ ರೈತ ತಲೆಯ ಮೇಲಿನ ಟೊಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಾನು ಅತ್ತೆ. ಅಳದೆ ಇರಲು ನಾನೇನು ಕಲ್ಲೇ?

ಇನ್ನು ಗುಡ್ಡದ ಗೊಡವೆ ಮುಗಿಯಿತು ಎಂದುಕೊಂಡಿದ್ದೆ. ಊಟವಾಗಿ, ಪಾತ್ರೆ ತುಂಬಿ, ಎಲ್ಲರೂ ವ್ಯಾನು ಹತ್ತಿದರೆ ಕಾಕಾ ಗಾಡಿಯನ್ನು ಗುಡ್ಡದ ಕಡೆಗೆ ತಿರುಗಿಸಿದರು. "ರಾಯಬಾಗದ ಹುಡುಗ್ರು ಬಂದಿದ್ರ?" ಅಂದರು. ಅಷ್ಟೇ ಕಾರಣ. ಅಂದಿನಿಂದ ಪ್ರತಿ ವರ್ಷ ಎರಡೆರಡು ಚರಗ: ಕೆಳಗೆ ಕೂತು ಒಂದು, ಮೇಲೆ ನಿಂತು ಒಂದು.

ಕೊನೆಯ ವರ್ಷ ಅವರಿಗೆ ಹತ್ತಲು ಆಗಲಿಲ್ಲ. ಉಸಿರು ಕಟ್ಟುತ್ತಿತ್ತು. ಗುಡ್ಡದ ಹೆಗಲ ಮೇಲೆ ವ್ಯಾನಿನಲ್ಲೇ ಕೂತು, "ನೀವು ಹೋಗಿ ಒಗೀರಿ ಅಕ್ಕೋರ, ಒಗದ ಮ್ಯಾಲ ಒದರ್ರಿ" ಎಂದರು. ನಾನು ಮೊದಲ ಬಾರಿಗೆ ಆ ಹಾಸುಗಲ್ಲಿನ ಮೇಲೆ ನಿಂತೆ. ಬಾಯ್ತುಂಬ ಕೂಗಿ ಬೀಸಿದೆ. ಕೆಳಗಿನಿಂದ ಪೀಂ ಎಂದು ಹಾರ್ನು ಕೇಳಿತು. ನಾಲ್ಕು ದಿಕ್ಕಿಗೆ ನಾಲ್ಕು ಹಾರ್ನು. ಇಳಿದು ಬಂದಾಗ ಬೆವರುತ್ತಿದ್ದರು. "ಅತ್ಲಾಗ ಗಿಡದ ಕಡಿ ಕೈ ಸ್ವಲ್ಪ ಸಡ್ಲ ಆತ್ರಿ ನಿಮ್ಮದು" ಎಂದು ತಪ್ಪು ಬೇರೆ ಹಿಡಿದರು. ಕೆಳಗೆ ಕೂತವರಿಗೆ ಅದು ಹೇಗೆ ಕಂಡಿತೋ!

ಮುಂದಿನ ಮಳೆಗಾಲ ದಾಟಲಿಲ್ಲ. ಮಣ್ಣಿಗೆ ಒಯ್ಯುವ ಗಾಡಿ ಓಣಿಗೆ ಬಂತು. ಅವರನ್ನು ಒಳಗೆ ಇಟ್ಟರು, ಎಂಜಿನ್ ಸುರುವಾಯಿತು. ಗಾಡಿಯವ ಮಂದಿ ಸರಿಯಲೆಂದು ಕಾಯುತ್ತಿದ್ದ. ಅಳುತ್ತ ಕೂತಿದ್ದ ಕಾಕು ಎದ್ದು ಬಂದರು. ಹಿಂದಿನ ತಗಡಿಗೆ ಕೈ ಎತ್ತಿ ಎರಡು ಸಲ ಬಡಿದರು. "ರೈಟ್ ರಿ" ಅಂದರು. ಗಾಡಿ ಹೊರಟಿತು.

ಸಾವಾದ ವರ್ಷ ಮನೆಯಲ್ಲಿ ಹಬ್ಬ ಮಾಡುವಂತಿಲ್ಲ. ಎಳ್ಳಮಾವಾಸ್ಯೆಯ ಹಿಂದಿನ ದಿನ ನಾನೂ ಒಲೆಯ ಮುಂದೆ ಸುಮ್ಮನೆ ಕೂತಿದ್ದೆ. ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಓಡಿಹೋದೆ. ಕಾಕು ತಲೆಯೆತ್ತದೆ ಅಂದರು: "ಹಬ್ಬ ನಮಗಿಲ್ಲ, ಖರೆ. ಬಸುರಿಗೆ ಊಟಾ ಬ್ಯಾಡೇನ್ರಿ?"

ಕೆಳಗಿನ ಹೊಲವನ್ನು ಈಗ ಮಗಳು ಅಳಿಯ ಮಾಡುತ್ತಾರೆ. ಅಲ್ಲಿ ಮಗಳೇ ಕೂತು ಚರಗ ಇಟ್ಟಳು. ಆಮೇಲೆ ನಮ್ಮ ಮನೆಯವರು ನಮ್ಮಿಬ್ಬರನ್ನು ಗುಡ್ಡದ ಹೆಗಲಿಗೆ ಕರೆದೊಯ್ದರು. ನನ್ನ ಕೈ ಹಿಡಿದು, ನಿಂತು ನಿಂತು, ಕಾಕು ಹತ್ತಿದರು. ಅವರು ಒಮ್ಮೆಯೂ ಆ ಕಲ್ಲಿನ ಮೇಲೆ ನಿಂತವರಲ್ಲ. ಬುಟ್ಟಿ ಹಿಡಿದು ಪಕ್ಕದಲ್ಲಿ ನಿಲ್ಲುವುದೇ ಅವರ ಕೆಲಸವಾಗಿತ್ತು. ಅಂದು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಕಳೆದು, ಕಲ್ಲು ಹತ್ತಿ, ಹುಣಸಿಮರದ ಕಡೆಗೆ ಮುಖ ಮಾಡಿದರು. ಕೂಗದೆಯೇ ಬೀಸಿದರು. ಹಿಡಿಯಷ್ಟೂ ಅವರ ಪಾದದ ಮುಂದೆಯೇ, ಕಟಕಟೆಯ ಈಚೆ ಬಿತ್ತು.

ಕೆಳಗಿನಿಂದ ಹಾರ್ನು ಕೇಳೀತೇನೋ ಎಂಬಂತೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿ, ಸಣ್ಣ ಹುಡುಗಿಯ ಹಾಗೆ ಕೇಳಿದರು: "ಅಕ್ಕೋರ, ಅವ್ರಿಗೆ ಮುಟ್ಟತೈತೇನ್ರಿ?"

ಆ ದಿನ ಗುಡ್ಡದ ಮೇಲೆ ಎಂದೂ ಇಲ್ಲದ ಹಾಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ದೂರದ ಚಿಮಣಿಯ ಹೊಗೆ ನೆಟ್ಟಗೆ ಮೇಲಕ್ಕೆ ನಿಂತಿತ್ತು.

"ಗಾಳಿ ಐತಲ್ರಿ ಕಾಕು" ಅಂದೆ.

ಅವರು ಆ ಹೊಗೆಯನ್ನು ನೋಡಿದರು. ಹಾರದೆ ಹೆಗಲ ಮೇಲೆ ಸುಮ್ಮನಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗಟ್ಟಿಯಾಗಿ ಹಿಡಿದುಕೊಂಡರು.

"ಹೌದ್ರಿ, ಭಾಳ ಐತಿ" ಅಂದರು.